ಪಾಪರ್ ಚೀಟಿಗೆ ಬಿದ್ದ ತಕರಾರು

2024ರ ಫೆಬ್ರವರಿ 17, ಶನಿವಾರ. ಅವತ್ತು ನಮ್ಮ ಮನೆಯಲ್ಲಿ ಕೇಸರಿಬಾತ್ ಆಗಿತ್ತು. ಹಬ್ಬವಲ್ಲ, ಯಾರ ಹುಟ್ಟುಹಬ್ಬವೂ ಅಲ್ಲ. ಕೋರ್ಟಿನ ಒಂದು ಗಡುವು ಅವತ್ತಿಗೆ ಮುಗಿಯುತ್ತದೆ ಅಂತ ನಾನೇ ಲೆಕ್ಕ ಹಾಕಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತಿಟ್ಟಿದ್ದೆ. ನನಗೆ ಸಾಲ ಕೊಟ್ಟವರು ಯಾರಾದರೂ "ಇವನ ಸಾಲ ಮನ್ನಾ ಆಗಕೂಡದು" ಅಂತ ತಕರಾರು ತೆಗೆಯುವುದಿದ್ದರೆ ಅಷ್ಟರೊಳಗೆ ತೆಗೆಯಬೇಕಿತ್ತು. ಯಾರೂ ತೆಗೆದಿರಲಿಲ್ಲ. ಹೆಂಡತಿ ತುಪ್ಪ ಸ್ವಲ್ಪ ಜಾಸ್ತಿಯೇ ಸುರಿದಿದ್ದಳು.

ನನ್ನ ಲೆಕ್ಕ ತಪ್ಪಿತ್ತು. ಮೂರು ದಿನಕ್ಕೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. 2023ರ ಫೆಬ್ರವರಿಯಲ್ಲಿ ಸಾವಿರಾರು ಜನರ ಜೊತೆ ನನ್ನ ಕೆಲಸವೂ ಹೋಯಿತು. ಗ್ರೀನ್ ಕಾರ್ಡ್ ಇದ್ದದ್ದರಿಂದ ದೇಶ ಬಿಡುವ ಪ್ರಮೇಯ ಬರಲಿಲ್ಲ, ಅಷ್ಟೇ ಪುಣ್ಯ. ನಿರುದ್ಯೋಗ ಭತ್ಯೆ ಇಲ್ಲಿ ವಾರಕ್ಕೆ ಹೆಚ್ಚೆಂದರೆ 450 ಡಾಲರ್, ಅದೂ 26 ವಾರ. ಈ ಊರಿನ ಬಾಡಿಗೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ದಿನಸಿ ಕಾರ್ಡಿಗೆ ಹೋಯಿತು, ಕಾರಿನ ಇನ್ಶೂರೆನ್ಸ್ ಕಾರ್ಡಿಗೆ ಹೋಯಿತು, ಒಂದು ಕಾರ್ಡಿನ ಬಾಕಿ ಇನ್ನೊಂದು ಕಾರ್ಡಿಗೆ ಹೋಯಿತು. ಎಲ್ಲ ಸೇರಿ 41,000 ಡಾಲರ್ ಮುಟ್ಟಿದಾಗ ನವೆಂಬರ್ 20ಕ್ಕೆ ಚಾಪ್ಟರ್ 7 ಅನ್ನುವ ದಿವಾಳಿ ಅರ್ಜಿ ಹಾಕಿದೆ. ನಮ್ಮೂರಿನ ಮಾತಿನಲ್ಲಿ ಪಾಪರ್ ಚೀಟಿ ತಗೊಂಡೆ. ಅರಸೀಕೆರೆ ಕಡೆ ಯಾರನ್ನಾದರೂ ಹೀನಾಯವಾಗಿ ಬೈಯಬೇಕಿದ್ದರೆ ಬಳಸುವ ಮಾತು ಅದು. ಅರ್ಜಿಯ ಫೀಸು 338 ಡಾಲರ್ ಕಟ್ಟುವಾಗ ನನ್ನ ಕಿವಿಯಲ್ಲಿ ಇದ್ದದ್ದು ಅದೇ ಮಾತು. ದಿವಾಳಿ ಏಳುವುದಕ್ಕೂ ಫೀಸು ಕಟ್ಟಬೇಕು ನೋಡಿ.

ಡಿಸೆಂಬರ್ 19ಕ್ಕೆ ಸಾಲ ಕೊಟ್ಟವರ ಸಭೆ ಅಂತ ಒಂದು ಆಯಿತು. ಹೆಸರು ದೊಡ್ಡದು. ಜಡ್ಜ್ ಇರುವುದಿಲ್ಲ, ಟ್ರಸ್ಟಿ ಅಂತ ಒಬ್ಬರು ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ. ಇಂಡಿಯಾದಲ್ಲಿ ಆಸ್ತಿ ಇದೆಯಾ ಅಂತ ಕೇಳಿದರು. ತೋಟ ಅಮ್ಮನ ಹೆಸರಲ್ಲಿದೆ ಅಂತ ಪಹಣಿ ಮೊದಲೇ ಕಳಿಸಿದ್ದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಬ್ಯಾಂಕಿನವರು ಒಬ್ಬರೂ ಬರಲಿಲ್ಲ. ಬರದಿದ್ದರೆ ಸುಮ್ಮನಾಗುತ್ತಾರೆ ಅಂತ ನಾನು ಅಂದುಕೊಂಡೆ. ಹಾಗೇನಿಲ್ಲ. ಆ ಸಭೆಗೆ ಮೊದಲು ಗೊತ್ತುಮಾಡಿದ ದಿನದಿಂದ 60 ದಿನ ಅವರಿಗೆ ಸಮಯ ಇರುತ್ತದೆ.

ಡಿಸೆಂಬರ್ 19ರಿಂದ 60 ದಿನ ಅಂದರೆ ಫೆಬ್ರವರಿ 17. ಆದರೆ ಕೊನೆಯ ದಿನ ಶನಿವಾರ ಬಂದರೆ ಗಡುವು ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಭಾನುವಾರ ರಜೆ. ಸೋಮವಾರ 19, ಪ್ರೆಸಿಡೆಂಟ್ಸ್ ಡೇ, ಅದೂ ರಜೆ. ಹಾಗಾಗಿ ನಿಜವಾದ ಗಡುವು 20ನೇ ತಾರೀಖು, ಮಂಗಳವಾರ. ಅವತ್ತೇ ಒಂದು ಬ್ಯಾಂಕು ನನ್ನ ಮೇಲೆ ದಾವೆ ಹಾಕಿತ್ತು. ಕೇಸರಿಬಾತ್ ಅರಗಿ ಮೂರು ದಿನಕ್ಕೆ.

ಕಾಗದ ಕೈಗೆ ಬಂದದ್ದು 28ಕ್ಕೆ, ಮಾಮೂಲಿ ಅಂಚೆಯಲ್ಲಿ. ಪಿಜ್ಜಾ ಕೂಪನ್‌ಗಳ ಮಧ್ಯೆ ಇತ್ತು. ಇಂಥ ಕಾಗದಕ್ಕೆ ಅಮೀನರು ಮನೆಗೆ ಬಂದು ಸಹಿ ತಗೋಬೇಕು ಅಂತ ನಮ್ಮ ಕಲ್ಪನೆ ಅಲ್ವಾ? ಇಲ್ಲಿ ಬ್ಯಾಂಕ್‌ರಪ್ಟ್ಸಿ ಕೋರ್ಟಿನ ಸಮನ್ಸ್‌ಗೆ ಮಾಮೂಲಿ ಅಂಚೆ ಸಾಕು. ಒಳಗೆ ಎರಡು ದಾಖಲೆ: ಒಂದು ಸಮನ್ಸ್, ಇನ್ನೊಂದು 31 ಪ್ಯಾರಾಗಳ ದೂರು. ಮೇಲೆ ಬ್ಯಾಂಕಿನ ಹೆಸರು, ಕೆಳಗೆ ನನ್ನ ಹೆಸರು, ನಡುವೆ ಒಂದು 'ವಿ.'. ಇದಕ್ಕೆ ಅಡ್ವರ್ಸರಿ ಪ್ರೊಸೀಡಿಂಗ್ ಅನ್ನುತ್ತಾರೆ. ದಿವಾಳಿ ಕೇಸಿನ ಹೊಟ್ಟೆಯೊಳಗೆ ಹುಟ್ಟುವ ಇನ್ನೊಂದು ಕೇಸು.

ದೂರಿನಲ್ಲಿ ಇದ್ದದ್ದು ಒಂದೇ ಮಾತು. ತೀರಿಸುವ ಮನಸ್ಸಿಲ್ಲದೆ ಕಾರ್ಡ್ ಉಜ್ಜಿದ್ದಾನೆ, ಅದು ಮೋಸ, ದಿವಾಳಿ ಕಾಯ್ದೆಯ 523ನೇ ಸೆಕ್ಷನ್ ಪ್ರಕಾರ ಮೋಸದ ಸಾಲ ಮನ್ನಾ ಆಗುವುದಿಲ್ಲ. ಆ ಕಾರ್ಡಿನಲ್ಲಿ ನನ್ನ ಬಾಕಿ 14,700 ಡಾಲರ್. ಅದರಲ್ಲಿ ಅವರು ಬೆರಳು ತೋರಿಸಿದ್ದು 5,340ಕ್ಕೆ. ಪಟ್ಟಿ ಹೀಗಿತ್ತು: ವಿಮಾನದ ಟಿಕೆಟ್ 1,980. ಇಂಡಿಯಾದ ಎಟಿಎಂಗಳಲ್ಲಿ ತೆಗೆದ ನಗದು 1,440. ಲ್ಯಾಪ್‌ಟಾಪ್ 1,250. ಬೆಂಗಳೂರಿನ ಬಟ್ಟೆ ಅಂಗಡಿ 460. ಒಂದು ಹೋಟೆಲ್ ಊಟ 210.

ಪ್ಯಾರಾ 17ರಲ್ಲಿ ಹೀಗೆ ಬರೆದಿದ್ದರು: ಪ್ರತಿವಾದಿ 2023ರ ಸೆಪ್ಟೆಂಬರ್‌ನಲ್ಲಿ ವಿಹಾರಕ್ಕೆಂದು ವಿದೇಶ ಪ್ರವಾಸ ಮಾಡಿದ್ದಾನೆ.

ಸೆಪ್ಟೆಂಬರ್ 2ಕ್ಕೆ ನಾನು ಆ ಟಿಕೆಟ್ ತಗೊಂಡದ್ದು ಅಪ್ಪನನ್ನು ಹಾಸನದ ಆಸ್ಪತ್ರೆಯಲ್ಲಿ ವೆಂಟಿಲೇಟರ್‌ಗೆ ಹಾಕಿದ ರಾತ್ರಿ. ಸೆಪ್ಟೆಂಬರ್ 13ಕ್ಕೆ ಅಪ್ಪ ಹೋದರು. ಆ ಪ್ಯಾರಾ ಓದಿ ಕಾಗದವನ್ನು ಫ್ರಿಜ್ಜಿನ ಮೇಲೆ ಇಟ್ಟುಬಿಟ್ಟೆ. ನಾಲ್ಕು ದಿನ ಮುಟ್ಟಲಿಲ್ಲ.

ಆ ನಾಲ್ಕು ದಿನ ನಾನು ಮಾಡಿದ ದೊಡ್ಡ ದಡ್ಡತನ. ಯಾಕೆಂದರೆ ಉತ್ತರ ಕೊಡಲು ಇರುವ 30 ದಿನ ಕಾಗದ ಕೈಗೆ ಸಿಕ್ಕ ದಿನದಿಂದ ಶುರುವಾಗುವುದಿಲ್ಲ. ಕೋರ್ಟು ಸಮನ್ಸ್ ಹೊರಡಿಸಿದ ದಿನದಿಂದ ಶುರು. ನನ್ನ ಸಮನ್ಸ್ ಮೇಲೆ ಫೆಬ್ರವರಿ 22 ಅಂತ ಇತ್ತು. ಅಂಚೆಯಲ್ಲೇ ಆರು ದಿನ ಹೋಗಿತ್ತು, ಫ್ರಿಜ್ಜಿನ ಮೇಲೆ ನಾಲ್ಕು. ಮಾರ್ಚ್ 23ಕ್ಕೆ 30 ದಿನ. ಅದು ಶನಿವಾರ, ಆದ್ದರಿಂದ 25ರ ಸೋಮವಾರ ಕೊನೆ. ಈ ಸಲ ಮೂರು ಸಲ ಎಣಿಸಿದೆ.

ಉತ್ತರ ಕೊಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ವಕೀಲರು ಬೇಕಿರಲಿಲ್ಲ. ತಾತನ ಕಾಲದಲ್ಲಿ ನಮ್ಮ ತೋಟದ ಬದುವಿನ ಮೇಲೆ ಪಕ್ಕದವರು ದಾವೆ ಹಾಕಿದ್ದರು. ತಾತ ಜಂಬದಿಂದ ಸಮನ್ಸ್ ತಿರಸ್ಕರಿಸಿದರು. ಎಕ್ಸ್‌ಪಾರ್ಟಿ ಆಗಿ ಹನ್ನೊಂದು ತೆಂಗಿನಮರ ಬದುವಿನ ಆಚೆ ಹೋದವು. ಅಪ್ಪ ಸಾಯುವವರೆಗೂ ಆ ಹನ್ನೊಂದು ಮರದ ಕಥೆ ಹೇಳುತ್ತಿದ್ದರು. ಇಲ್ಲಿ ಅದಕ್ಕೆ ಡಿಫಾಲ್ಟ್ ಜಡ್ಜ್‌ಮೆಂಟ್ ಅನ್ನುತ್ತಾರೆ. ತುಂಬಾ ಜನ ಹೆದರಿಕೊಂಡೋ ನಾಚಿಕೆಯಿಂದಲೋ ಸುಮ್ಮನಿದ್ದುಬಿಡುತ್ತಾರೆ, ಬ್ಯಾಂಕು ಏನನ್ನೂ ಸಾಬೀತು ಮಾಡದೆ ಗೆದ್ದುಬಿಡುತ್ತದೆ.

ದಿವಾಳಿ ಅರ್ಜಿ ಹಾಕಿಕೊಟ್ಟ ವಕೀಲರಿಗೆ ಫೋನ್ ಮಾಡಿದೆ. ನಾನು ಕೊಟ್ಟ 1,800 ಡಾಲರ್‌ನಲ್ಲಿ ಇದು ಸೇರಿಲ್ಲ ಅಂದರು. ಕರಾರು ಪತ್ರ ತೆಗೆದು ನೋಡಿದರೆ ನಿಜ, ಸಣ್ಣ ಅಕ್ಷರದಲ್ಲಿ ಇತ್ತು. ಈ ಕೇಸಿಗೆ ಬೇರೆ 5,000 ಮುಂಗಡ. 5,340ರ ಕೇಸಿಗೆ 5,000! ಬ್ಯಾಂಕಿನ ವಕೀಲರಿಗೂ ಈ ಲೆಕ್ಕ ಗೊತ್ತು. ಅದಕ್ಕೇ ದೂರಿನ ಜೊತೆ ಒಂದು ನಯವಾದ ಪತ್ರ ಇಟ್ಟಿದ್ದರು: 4,000 ಕಂತಿನಲ್ಲಿ ಕಟ್ಟಿ, ಇಲ್ಲಿಗೇ ಮುಗಿಸೋಣ.

"ಕಟ್ಟಿ ಮುಗಿಸಿಬಿಡಿ ರೀ, ನೆಮ್ಮದಿಯಾದರೂ ಇರುತ್ತೆ" ಅಂದಳು ಹೆಂಡತಿ. ಅವಳ ಮಾತೂ ಸುಳ್ಳಲ್ಲ. ಆದರೆ ಪ್ಯಾರಾ 17 ನನ್ನನ್ನು ಬಿಡಲಿಲ್ಲ. ಅದನ್ನು ಒಪ್ಪಿ ಸಹಿ ಮಾಡುವುದು ನನ್ನ ಕೈಲಾಗುತ್ತಿರಲಿಲ್ಲ.

ಉಚಿತ ಕಾನೂನು ನೆರವಿನ ಒಬ್ಬರು ವಕೀಲರು ಒಂದು ಗಂಟೆ ಕೂತು ಮಾತಾಡಿದರು. ವಯಸ್ಸಾದ ಹೆಂಗಸು. ಮೊದಲು ಕೇಳಿದ್ದು, "ಅರ್ಜಿ ಹಾಕಿದ ದಿನ ಯಾವುದು? ಒಂದೊಂದು ಖರ್ಚೂ ಆದ ದಿನ ಯಾವುದು? ಮನೆಗೆ ಹೋಗಿ ಎಣಿಸಿಕೊಂಡು ಬಾ." ಕಾರಣ ಇದೆ. ಕಾಯ್ದೆಯಲ್ಲಿ ಎರಡು ಗೆರೆಗಳಿವೆ. ಅರ್ಜಿಗೆ ಮುಂಚಿನ 90 ದಿನದಲ್ಲಿ ಒಂದೇ ಬ್ಯಾಂಕಿನ ಕಾರ್ಡಿನಲ್ಲಿ 800 ಡಾಲರ್‌ಗಿಂತ ಜಾಸ್ತಿ ಐಷಾರಾಮಿ ಖರ್ಚು ಮಾಡಿದ್ದರೆ ಅದು ಮೋಸ ಅಂತಲೇ ಮೊದಲಿಗೆ ಭಾವಿಸಲಾಗುತ್ತದೆ. 70 ದಿನದೊಳಗೆ 1,100ಕ್ಕಿಂತ ಜಾಸ್ತಿ ನಗದು ತೆಗೆದಿದ್ದರೂ ಹಾಗೇ. ಆಮೇಲೆ ಅಲ್ಲ ಅಂತ ತೋರಿಸುವ ಹೊರೆ ನಮ್ಮ ತಲೆಗೆ. (ಈ ಮೊತ್ತಗಳು ಮೂರು ವರ್ಷಕ್ಕೊಮ್ಮೆ ಏರುತ್ತವೆ. 2025ರ ಏಪ್ರಿಲ್‌ನಿಂದ ಹಾಕಿದ ಅರ್ಜಿಗಳಿಗೆ 900 ಮತ್ತು 1,250.)

ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇತ್ತು, ಅಪ್ಪನ ತಿಥಿ ನೋಡಲು ಊರಿಂದ ತಂದದ್ದು. ಅದರ ಪಕ್ಕದಲ್ಲೇ ಇಲ್ಲಿನ ಕ್ಯಾಲೆಂಡರ್ ಇಟ್ಟುಕೊಂಡು ರಾತ್ರಿ ಕೂತು ಎಣಿಸಿದೆ. ನಗದು ತೆಗೆದದ್ದು ಮೂರು ಸಲ, ಪ್ರತಿ ಸಲ ಹತ್ತು ಸಾವಿರದಂತೆ ನಾಲ್ಕು ಬಾರಿ, ಅಂದರೆ ನಲವತ್ತು ನಲವತ್ತು ಸಾವಿರ ರೂಪಾಯಿ. ಸೆಪ್ಟೆಂಬರ್ 6 ಮತ್ತು 8ರದ್ದು ಆಸ್ಪತ್ರೆ ಕೌಂಟರಿಗೆ, 14ರದ್ದು ಕ್ರಿಯೆಗೆ. ಅರ್ಜಿಯ ದಿನದಿಂದ ಹಿಂದಕ್ಕೆ ಎಣಿಸಿದರೆ 6ನೇ ತಾರೀಖು 75 ದಿನ, 8ನೇ ತಾರೀಖು 73 ದಿನ. ಎರಡೂ ಗೆರೆಯ ಆಚೆ! 14ರದ್ದು ಮಾತ್ರ 67 ದಿನ, ಅದು ಬರೀ 480 ಡಾಲರ್. 1,100 ಎಲ್ಲಿಂದ ಬಂತು? ಬ್ಯಾಂಕು ಮೂರನ್ನೂ ಕೂಡಿಸಿ ಬರೆದಿತ್ತು. ಒಂದು ಪ್ಯಾರಾ ಅಲ್ಲೇ ಬಿದ್ದುಹೋಯಿತು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ಬೆಳಿಗ್ಗೆ ಹೇಳಿ" ಅಂದಳು.

ಟಿಕೆಟ್ 79 ದಿನ, ಅದು 90ರ ಒಳಗೇ ಇತ್ತು. ಅಲ್ಲಿ ಪ್ರಶ್ನೆ ಐಷಾರಾಮವೋ ಅಲ್ಲವೋ ಅನ್ನುವುದು. ತನ್ನ ಮತ್ತು ತನ್ನನ್ನು ನಂಬಿದವರ ಜೀವನಕ್ಕೆ ಬೇಕಾದ ಖರ್ಚು ಐಷಾರಾಮವಲ್ಲ ಅನ್ನುತ್ತದೆ ಕಾಯ್ದೆ. ಸಾಯುತ್ತಿರುವ ಅಪ್ಪನನ್ನು ನೋಡಲು ಹೋಗುವುದು ಆ ಮಾತಿನೊಳಗೆ ಬರುತ್ತದಾ? ವಕೀಲರು ಗ್ಯಾರಂಟಿ ಕೊಡಲಿಲ್ಲ. "ವಾದ ಮಾಡಬಹುದು. ಆದರೆ ನಿನ್ನ ನಿಜವಾದ ಬಲ ಅದಲ್ಲ" ಅಂದರು. "ಕಾರ್ಡ್ ಉಜ್ಜಿದ ಹೊತ್ತಿನಲ್ಲಿ ತೀರಿಸುವ ಮನಸ್ಸು ಇತ್ತಾ? ಇತ್ತು ಅಂತ ತೋರಿಸಲು ಏನಿದೆ?"

ಕ್ಯಾಲಿಫೋರ್ನಿಯಾ ಇರುವ ಒಂಬತ್ತನೇ ಸರ್ಕ್ಯೂಟಿನಲ್ಲಿ, ಅಂದರೆ ಇಲ್ಲಿನ ಫೆಡರಲ್ ಮೇಲ್ಮನವಿ ಕೋರ್ಟಿನಲ್ಲಿ, 1996ರ ಅನಸ್ತಾಸ್ ಅನ್ನುವ ತೀರ್ಪು ಇದೆ. ಜೂಜಿಗೆ ಕಾರ್ಡಿನಿಂದ ನಗದು ತೆಗೆದವನ ಕೇಸು ಅದು. ಅವನ ಹತ್ತಿರ ದುಡ್ಡಿತ್ತೋ ಇಲ್ಲವೋ ಅನ್ನುವುದು ಮುಖ್ಯವಲ್ಲ, ತೀರಿಸುವ ಉದ್ದೇಶ ಇತ್ತೇ ಅನ್ನುವುದು ಮುಖ್ಯ ಅಂತ ಮೇಲ್ಮನವಿ ಕೋರ್ಟು ಹೇಳಿತು. ಕಾರ್ಡ್ ಉಜ್ಜುವವನು "ತೀರಿಸುತ್ತೇನೆ" ಅಂತ ಮಾತು ಕೊಡುತ್ತಾನೆ, "ನನ್ನ ಹತ್ತಿರ ಈಗ ದುಡ್ಡಿದೆ" ಅಂತ ಅಲ್ಲ. ಸಾಬೀತು ಮಾಡುವ ಹೊರೆ ಬ್ಯಾಂಕಿನದು. ಆದರೆ ತಕ್ಕಡಿ ಒಂದು ಕೂದಲೆಳೆ ಅವರ ಕಡೆ ವಾಲಿದರೂ ಸಾಕು, ಕ್ರಿಮಿನಲ್ ಕೇಸಿನಷ್ಟು ಗಟ್ಟಿ ಸಾಕ್ಷಿ ಬೇಕಿಲ್ಲ. ಅದು 1991ರಲ್ಲಿ ಸುಪ್ರೀಂ ಕೋರ್ಟು ಗ್ರೋಗನ್ ಕೇಸಿನಲ್ಲಿ ಹಾಕಿದ ಅಳತೆ.

ಮನಸ್ಸನ್ನು ಕಾಗದದಲ್ಲಿ ತೋರಿಸುವುದು ಹೇಗೆ? ಕೋರ್ಟುಗಳು ನೋಡುವ ಸುಮಾರು ಹನ್ನೆರಡು ಸಂಗತಿಗಳನ್ನು ಅವರು ಓದಿ ಹೇಳಿದರು. ಖರ್ಚಿಗೂ ಅರ್ಜಿಗೂ ಎಷ್ಟು ದಿನ, ಖರ್ಚಿಗೆ ಮೊದಲೇ ದಿವಾಳಿ ವಕೀಲರನ್ನು ಕಂಡಿದ್ದನಾ, ಒಂದೇ ದಿನ ಹಲವು ಸಲ ಉಜ್ಜಿದನಾ, ಕೆಲಸ ಸಿಗುವ ಭರವಸೆ ಇತ್ತಾ, ಇದ್ದಕ್ಕಿದ್ದಂತೆ ಖರ್ಚಿನ ರೀತಿ ಬದಲಾಯಿತಾ, ಹೀಗೆ. "ಕೆಲಸದ ಭರವಸೆ" ಅಂದ ತಕ್ಷಣ ನಾನು ಕುರ್ಚಿಯಿಂದ ಎದ್ದೆ. ಆಗಸ್ಟ್ 24ಕ್ಕೆ ನನಗೆ ಒಂದು ಕಂಪನಿಯಿಂದ ಆಫರ್ ಲೆಟರ್ ಬಂದಿತ್ತು. ಅಕ್ಟೋಬರ್ 16ಕ್ಕೆ ಸೇರಬೇಕಿತ್ತು. ಅಕ್ಟೋಬರ್ 10ಕ್ಕೆ ಎರಡು ಸಾಲಿನ ಇಮೇಲ್‌ನಲ್ಲಿ ಅದನ್ನು ರದ್ದು ಮಾಡಿದರು. ಬ್ಯಾಂಕು ಬೆರಳು ತೋರಿಸಿದ ಕೊನೆಯ ಖರ್ಚು ಅಕ್ಟೋಬರ್ 7ರದ್ದು. ದಿವಾಳಿ ವಕೀಲರಿಗೆ ನಾನು ಮೊದಲ ಸಲ ಫೋನ್ ಮಾಡಿದ್ದು ಅಕ್ಟೋಬರ್ 25. ಅಂದರೆ ಆ ಐದೂ ಖರ್ಚು ಆದಾಗ ನನ್ನ ಕೈಯಲ್ಲಿ ಕೆಲಸದ ಕಾಗದ ಇತ್ತು. ಇಷ್ಟು ದಿನ ಆ ರದ್ದಾದ ಇಮೇಲ್ ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟ. ಈಗ ಅದೇ ನನ್ನ ಸಾಕ್ಷಿ.

ಉತ್ತರವನ್ನು ನಾನೇ ಬರೆದೆ, ಅವರು ತಿದ್ದಿದರು. ಕಷ್ಟದ ಕೆಲಸವಲ್ಲ, ಬೇಸರದ ಕೆಲಸ. ಪ್ರತಿ ಪ್ಯಾರಾಕ್ಕೂ ಮೂರರಲ್ಲಿ ಒಂದು ಹೇಳಬೇಕು: ಒಪ್ಪುತ್ತೇನೆ, ಒಪ್ಪುವುದಿಲ್ಲ, ಅಥವಾ ನನಗೆ ತಿಳಿಯದು. ಯಾವುದಕ್ಕೆ ಏನೂ ಹೇಳುವುದಿಲ್ಲವೋ ಅದನ್ನು ಒಪ್ಪಿದ ಹಾಗೆ. ನನ್ನ ಮೊದಲ ಕರಡಿನಲ್ಲಿ ಅಪ್ಪನ ಕಾಯಿಲೆ, ಆಸ್ಪತ್ರೆ, ನನ್ನ ಸಿಟ್ಟು ಎಲ್ಲ ಸೇರಿ ಏಳು ಪುಟ ಇತ್ತು. ಅವರು ಆರು ಪುಟ ಹೊಡೆದುಹಾಕಿದರು. ಪ್ಯಾರಾ 17ಕ್ಕೆ ಉಳಿದದ್ದು ಇಷ್ಟೇ: ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಹೋದದ್ದನ್ನು ಒಪ್ಪುತ್ತೇನೆ, ಉಳಿದದ್ದನ್ನು ಅಲ್ಲಗಳೆಯುತ್ತೇನೆ. ಅಷ್ಟು ಚಿಕ್ಕದಾಗಿ ಬರೆಯಲು ನನಗೆ ಒಂದು ವಾರ ಬೇಕಾಯಿತು.

ನಾನಾಗಿ ಬರೆದಿದ್ದರೆ ಬಿಟ್ಟುಬಿಡುತ್ತಿದ್ದದ್ದು ಎರಡು ವಿಷಯ. ಒಂದು, ಈ ಕೋರ್ಟಿನ ಜಡ್ಜೇ ಕೊನೆಯ ತೀರ್ಪು ಕೊಡಲು ನನ್ನ ಒಪ್ಪಿಗೆ ಇದೆಯೋ ಇಲ್ಲವೋ ಅಂತ ಉತ್ತರದಲ್ಲೇ ಹೇಳಬೇಕು. ಇನ್ನೊಂದು, ಗಟ್ಟಿ ಆಧಾರ ಇಲ್ಲದೆ ಇಂಥ ದಾವೆ ಹಾಕಿ ಸೋತರೆ ಸಾಲಗಾರನ ವಕೀಲರ ಫೀಸನ್ನು ಬ್ಯಾಂಕೇ ಕೊಡಬೇಕಾಗಬಹುದು, 523ರ ಒಳಗೇ ಆ ಉಪವಿಭಾಗ ಇದೆ. ಅದನ್ನು ಕೇಳಿ ಕೊನೆಯಲ್ಲಿ ಒಂದು ಸಾಲು ಸೇರಿಸಿದರು. ನನಗೆ ಫೀಸು ಕೊಟ್ಟ ವಕೀಲರೇ ಇರಲಿಲ್ಲ. "ಇರಲಿ, ಮುಂದೆ ಬರಬಹುದು ಅಂತ ಅವರಿಗೆ ಗೊತ್ತಾಗಲಿ" ಅಂದರು.

ಮಾರ್ಚ್ 19ಕ್ಕೆ ಸ್ಯಾನ್ ಹೊಸೆ ಕೋರ್ಟಿನ ಕಿಟಕಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಉತ್ತರ ಸಲ್ಲಿಸಲು ಫೀಸಿಲ್ಲ. ಪಾರ್ಕಿಂಗಿಗೆ ಮಾತ್ರ ಕೊಟ್ಟೆ. ಬ್ಯಾಂಕಿನ ವಕೀಲರಿಗೂ ಒಂದು ಪ್ರತಿ ಅಂಚೆಯಲ್ಲಿ ಕಳಿಸಿ, ಕಳಿಸಿದೆ ಅಂತ ಒಂದು ಪ್ರಮಾಣಪತ್ರ ಲಗತ್ತಿಸಬೇಕು. ಅಷ್ಟರಲ್ಲಿ ಬೇರೆ ಎಲ್ಲ ಸಾಲಗಳ ಡಿಸ್ಚಾರ್ಜ್ ಆದೇಶ, ಅಂದರೆ ಮನ್ನಾ ಆದೇಶ, ಬಂದಿತ್ತು. ಒಂದು ಬ್ಯಾಂಕು ತಕರಾರು ತೆಗೆದರೆ ಎಲ್ಲವೂ ನಿಂತುಹೋಗುತ್ತದೆ ಅಂತ ನಾನು ಹೆದರಿದ್ದೆ. ಹಾಗಲ್ಲ, ಅವರು ಕೇಳಿದ ಮೊತ್ತ ಮಾತ್ರ ನೇತಾಡುತ್ತದೆ.

ಯುಗಾದಿ ಕಳೆದ ಮೇಲೆ ಬ್ಯಾಂಕಿನ ವಕೀಲರಿಂದ ಇನ್ನೊಂದು ಲಕೋಟೆ ಬಂತು. ರಿಕ್ವೆಸ್ಟ್ಸ್ ಫಾರ್ ಅಡ್ಮಿಷನ್. 18 ವಾಕ್ಯ, ಒಪ್ಪು ಅಥವಾ ಅಲ್ಲಗಳೆ. ಇದಕ್ಕೂ 30 ದಿನ, ಇದಕ್ಕೂ ಸುಮ್ಮನಿದ್ದರೆ ಒಪ್ಪಿದ ಹಾಗೆ. ನಾಲ್ಕನೇ ವಾಕ್ಯ: "ಟಿಕೆಟ್ ಖರೀದಿಸಿದಾಗ ನಿಮಗೆ ತೀರಿಸುವ ಉದ್ದೇಶ ಇರಲಿಲ್ಲ." ಮೊದಲ ಸಲ ಉತ್ತರ ಕೊಟ್ಟಾಯಿತಲ್ಲ ಅಂತ ಇದನ್ನು ಯಾರಾದರೂ ಬದಿಗಿಟ್ಟರೆ ಇಡೀ ಕೇಸು ಆ ಒಂದು ಸಾಲಿನಲ್ಲಿ ಹೋಗುತ್ತದೆ. ನನ್ನ ಪ್ರಕಾರ ದೂರಿಗಿಂತ ಅಪಾಯದ ಕಾಗದ ಇದು. ನೋಡಲು ಶಾಲೆಯ ಸರಿ-ತಪ್ಪು ಪ್ರಶ್ನೆಪತ್ರಿಕೆ ಇದ್ದ ಹಾಗೆ ಇರುತ್ತದೆ.

ನಾನು ಉತ್ತರದ ಜೊತೆ ದಾಖಲೆಗಳನ್ನೂ ಕಳಿಸಿದೆ. ಆಫರ್ ಲೆಟರ್, ರದ್ದಾದ ಇಮೇಲ್, ಬೋರ್ಡಿಂಗ್ ಪಾಸ್, ಆಸ್ಪತ್ರೆ ಬಿಲ್ಲು, ಅಪ್ಪನ ಮರಣ ಪ್ರಮಾಣಪತ್ರ, ಅಕ್ಟೋಬರ್‌ವರೆಗೂ ಪ್ರತಿ ತಿಂಗಳು ಕನಿಷ್ಠ ಕಂತು ಕಟ್ಟಿದ ಸ್ಟೇಟ್‌ಮೆಂಟು. ಲ್ಯಾಪ್‌ಟಾಪ್ ತಗೊಂಡದ್ದು ಆ ಹೊಸ ಕೆಲಸಕ್ಕೆ, ಅಲ್ಲಿ ಸ್ವಂತದ್ದೇ ತರಬೇಕು ಅಂತ ಆಫರ್‌ನಲ್ಲೇ ಬರೆದಿತ್ತು. ಪುಣ್ಯಕ್ಕೆ ಒಂದನ್ನೂ ಅಳಿಸಿರಲಿಲ್ಲ.

ಎರಡು ವಾರ ಬಿಟ್ಟು ಬ್ಯಾಂಕಿನ ವಕೀಲ ಫೋನ್ ಮಾಡಿದ. ದನಿ ಕೇಳಿದರೆ ಇನ್ನೂ ಹುಡುಗ. ಮೊದಲು ಅಪ್ಪನ ವಿಷಯಕ್ಕೆ ಸಂತಾಪ ಹೇಳಿದ, ಹೇಳಿದ ರೀತಿ ನಿಜವಾಗಿಯೇ ಇತ್ತು. ಆಮೇಲೆ ಕೇಳಿದ: ತಂದೆ 13ಕ್ಕೆ ತೀರಿಕೊಂಡರು ಅಂದಿರಿ, 23ಕ್ಕೆ ಬಟ್ಟೆ ಅಂಗಡಿಯಲ್ಲಿ 460 ಡಾಲರ್ ಯಾಕೆ?

ವೈಕುಂಠ ಸಮಾರಾಧನೆಯನ್ನು ಇಂಗ್ಲಿಷಿನಲ್ಲಿ ಒಬ್ಬ ವಕೀಲನಿಗೆ ವಿವರಿಸಿ ನೋಡಿ, ಆಗ ಗೊತ್ತಾಗುತ್ತದೆ. ಹದಿಮೂರನೇ ದಿನ, ಊಟ, ಮನೆಯ ಹೆಣ್ಣುಮಕ್ಕಳಿಗೆ ಸೀರೆ. ಅಕ್ಕನಿಗೊಂದು, ಇಬ್ಬರು ಸೋದರತ್ತೆಯರಿಗೆ ಒಂದೊಂದು, ಚಿಕ್ಕಪ್ಪನಿಗೆ ಪಂಚೆ. "ಅದು ಕಡ್ಡಾಯವೇ?" ಅಂದ. ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಕಾನೂನಿನ ಕಡ್ಡಾಯ ಅಲ್ಲ. ಕೊಡದೆ ಬಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಎದುರಿಗಂತೂ. ಇದ್ದದ್ದನ್ನೇ ಹೇಳಿದೆ. 210 ಡಾಲರ್ ಊಟ ಮಗಳ ಹುಟ್ಟುಹಬ್ಬದ್ದು, ಅದಕ್ಕೆ ನನ್ನ ಹತ್ತಿರ ಯಾವ ಕಾರಣವೂ ಇರಲಿಲ್ಲ. ಕೆಲಸ ಸಿಕ್ಕಿತು ಅಂತ ಖುಷಿಯಲ್ಲಿದ್ದೆವು, ಹೋದೆವು.

ಜೂನ್‌ನಲ್ಲಿ ರಾಜಿಯಾಯಿತು. 4,000ದಿಂದ ಅವರು 1,500ಕ್ಕೆ ಇಳಿದಿದ್ದರು, ಕೊನೆಗೆ 670ಕ್ಕೆ ನಿಂತಿತು. ಸೀರೆ ಮತ್ತು ಊಟ. ಟಿಕೆಟ್, ನಗದು, ಲ್ಯಾಪ್‌ಟಾಪ್ ಕೈಬಿಟ್ಟರು. ಕಾನೂನಿನ ಪ್ರಕಾರ ಅದನ್ನೂ ಕೊಡಬೇಕಿರಲಿಲ್ಲ, ವಿಚಾರಣೆಗೆ ಹೋಗಿದ್ದರೆ ಬಹುಶಃ ಗೆಲ್ಲುತ್ತಿದ್ದೆ ಅಂತ ಉಚಿತ ನೆರವಿನ ಆ ವಕೀಲರು ಹೇಳಿದರು. ಆದರೆ ಅಷ್ಟರಲ್ಲಿ ನನಗೆ ಒಂದು ಆರು ತಿಂಗಳ ಕಾಂಟ್ರಾಕ್ಟ್ ಸಿಕ್ಕಿತ್ತು. ಮೊದಲ ತಿಂಗಳೇ ಕೋರ್ಟಿಗೆ ಅಂತ ರಜೆ ಕೇಳುವ ಧೈರ್ಯ ಇರಲಿಲ್ಲ. ಮೋಸ ಅನ್ನುವ ಮಾತು ರಾಜಿಪತ್ರದಲ್ಲಿ ಎಲ್ಲೂ ಇರಕೂಡದು ಅಂತ ಒಂದೇ ಷರತ್ತು ಹಾಕಿದೆ. ಇಬ್ಬರೂ ಸಹಿ ಮಾಡಿದ ಕಾಗದ ಕೋರ್ಟಿಗೆ ಹೋಯಿತು, ಕೇಸು ವಜಾ ಆಯಿತು. 670 ಡಾಲರ್ ನಾಲ್ಕು ಕಂತು, ಕೊನೆಯದು ಸೆಪ್ಟೆಂಬರ್ 30ಕ್ಕೆ.

ಅದೇ ತಿಂಗಳು ಊರಲ್ಲಿ ಅಪ್ಪನ ವರ್ಷಾಬ್ದಿಕ. ನಾನು ಹೋಗಲಿಲ್ಲ, ವಿಡಿಯೋ ಕಾಲ್‌ನಲ್ಲೇ ಕೂತಿದ್ದೆ. ಅಕ್ಕ ಆ ಸೀರೆ ಉಟ್ಟಿದ್ದಳು. ಬಾಟಲಿ ಹಸಿರು, ತೆಳು ಜರಿ. "ನೀನು ಕೊಟ್ಟಿದ್ದು ಕಣೋ, ಇನ್ನೂ ಒಂದು ಎಳೆ ಹಿಂಜಿಲ್ಲ ನೋಡು" ಅಂತ ಸೆರಗನ್ನು ಕ್ಯಾಮೆರಾದ ಹತ್ತಿರ ಹಿಡಿದಳು. ಚೆನ್ನಾಗಿದೆ ಅಕ್ಕಾ ಅಂದೆ. ಆ ಸೀರೆಗೆ ಇನ್ನೂ ಒಂದು ಕಂತು ಬಾಕಿ ಇತ್ತು.